ಡಾಕ್ಟರಕ್ಕನ ಜರ್ಮನ್ ಎಂಜಿನ್

ಡಾಕ್ಟರಕ್ಕನ ಬಲಹುಬ್ಬು ಅರ್ಧವೇ ಇತ್ತು. ಉಳಿದರ್ಧವನ್ನು ರೈಲು ಎಂಜಿನ್ನಿನ ಬೆಂಕಿಬಾಯಿ ತಿಂದುಹಾಕಿತ್ತು. ಸೋಮವಾರ ಅದನ್ನು ಕಪ್ಪು ಪೆನ್ಸಿಲಿನಲ್ಲಿ ತೀಡಿಕೊಂಡು ಕ್ಲಿನಿಕ್ಕಿಗೆ ಹೋಗುವರು. ನಾಲ್ಕು ಪೇಷಂಟುಗಳನ್ನು ನೋಡುವಷ್ಟರಲ್ಲಿ ಮರೆತು ಹಣೆ ಒರೆಸಿಕೊಂಡುಬಿಡುವರು.

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಅವರು ನಮ್ಮ ಬೀದಿಯವರು, ನಮಗೆಲ್ಲ ಜಿಪಿ, ಅಂದರೆ ಮನೆ ಡಾಕ್ಟರೂ ಹೌದು. ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. "ದಿನಾ ಎಂಜಿನ್ ಸೀಟಿ ಕೇಳ್ಕೋತ ಬೆಳದೆ ತಮ್ಮಾ. ಹತ್ತಾಕ ಮಾತ್ರ ಹುಡುಗ್ಯಾರನ್ನ ಯಾರೂ ಬಿಡಲಿಲ್ಲ," ಎನ್ನುತ್ತಿದ್ದರು. ಆ ಸಿಟ್ಟು ಐವತ್ತು ದಾಟಿದರೂ ಇಳಿದಿರಲಿಲ್ಲ. ಕಾರಿನಲ್ಲಿ ಒಂದು ಗಂಟೆ ದೂರದಲ್ಲಿ, ಹವ್ಯಾಸಿಗಳೇ ಸೇರಿ ನಡೆಸುವ ನ್ಯಾರೋಗೇಜ್ ರೈಲೊಂದಿತ್ತು. ಕ್ಲಿನಿಕ್ಕಿನ ಪಾಳಿಪಟ್ಟಿಯಲ್ಲಿ ಹೆಸರಿಲ್ಲದ ಭಾನುವಾರವೆಲ್ಲ ಅಕ್ಕ ಅಲ್ಲಿ ಕಲ್ಲಿದ್ದಲು ಎತ್ತಿಹಾಕುತ್ತಿದ್ದರು.

ಅಲ್ಲಿನ ಎಂಜಿನ್ ಮೊದಲ ಮಹಾಯುದ್ಧಕ್ಕೂ ಮುಂಚೆ ಜರ್ಮನಿಯಲ್ಲಿ ಹುಟ್ಟಿದ್ದು. ಬೀಟ್‌ರೂಟ್ ಹೊಲ, ಯುದ್ಧದ ಮದ್ದುಗುಂಡು, ಇಟ್ಟಿಗೆ ಕಾರ್ಖಾನೆಯ ಜೇಡಿಮಣ್ಣು, ಎಲ್ಲವನ್ನೂ ಎಳೆದು ಕಡೆಗೆ ಒಂದು ಷೆಡ್ಡಿನ ಹಿಂದೆ ತುಕ್ಕು ಹಿಡಿದು ಬಿದ್ದಿತ್ತಂತೆ. "ಪಾಪ, ದುಡಿಸ್ಕೊಂಡವರೇ ಎಲ್ಲಾರೂ. ಮೈ ಮುಟ್ಟಿ ನೋಡಿದವರು ಯಾರದಾರ?" ಎಂದು ಅದರ ಬಾಯ್ಲರನ್ನು ತಟ್ಟುವರು. ಹಗಲೆಲ್ಲ ಕಾರು ಕಾರ್ಖಾನೆಯಲ್ಲಿ ಕಳೆಯುವ ನನಗೆ ಈ ಹುಚ್ಚು ಅರ್ಥವಾಗುತ್ತಿರಲಿಲ್ಲ. ಹಾಗೆಂದರೆ ನಗುವರು.

ಮಿಲೆನಿಯಮ್ ಕಳೆದ ಮರುವರ್ಷದ ಬೇಸಿಗೆಯಲ್ಲಿ ಅವರ ಡ್ರೈವರ್ ಪರೀಕ್ಷೆ ಬಂತು. ಜನ ತುಂಬಿದ ರೈಲನ್ನು ಆ ತುದಿಗೆ ಒಯ್ದು ಮರಳಿ ತರಬೇಕು. ಪರೀಕ್ಷಕರಾದ ಹಿರಿಯ ಇಂಗ್ಲಿಷ್ ಡ್ರೈವರೇ ಬೆಂಕಿ ನೋಡಿಕೊಳ್ಳಲು ಜೊತೆಗೆ ನಿಲ್ಲುವರು. ಅಕ್ಕ ಸಂಭ್ರಮದಿಂದ ನಮ್ಮ ಕನ್ನಡ ಬಳಗವನ್ನೇ ಕರೆದಿದ್ದರು. ನಾವು ಬಳಗದವರು ಬರುವುದು ಗೊತ್ತೇ ಇದೆಯಲ್ಲ! ಒಂದು ಸಂಸಾರಕ್ಕೆ ಪಾರ್ಕಿಂಗ್ ಸಿಗಲಿಲ್ಲ, ಇನ್ನೊಂದು ಪುಳಿಯೋಗರೆಯ ಡಬ್ಬಿ ಕಾರಿನಲ್ಲೇ ಬಿಟ್ಟು ಬಂದಿತ್ತು. "ಎರಡೇ ನಿಮಿಷ, ಅಕ್ಕಾ" ಎನ್ನುತ್ತ ಉರಿಬಿಸಿಲಿನಲ್ಲಿ ರೈಲನ್ನು ನಿಲ್ಲಿಸಿಯೇ ನಿಲ್ಲಿಸಿದೆವು.

ಆ ಎಂಜಿನ್ನಿನ ನೀರಿನ ತೊಟ್ಟಿ ಹೊಟ್ಟೆಯ ಕೆಳಗೆ, ಚಕ್ರಗಳ ನಡುವೆ, ಬಿಸಿ ಬೂದಿಯ ಪಕ್ಕದಲ್ಲೇ ಇದೆ. ನಿಂತಷ್ಟೂ ನೀರು ಕಾಯುತ್ತದೆ. ತೊಟ್ಟಿಯ ನೀರನ್ನು ಹಬೆಯ ಬಲದಿಂದ ಬಾಯ್ಲರಿಗೆ ನೂಕುವ ಇಂಜೆಕ್ಟರ್ ಕಾದ ನೀರನ್ನು ಒಪ್ಪುವುದಿಲ್ಲ. ಬಾಯ್ಲರಿನೊಳಗೆ ನೀರು ತೀರಾ ಇಳಿದು ಕೆಳಗೆ ಬೆಂಕಿ ಉರಿಯುತ್ತಲೇ ಇದ್ದರೆ ಅದು ಸಿಡಿಯಬಹುದು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಏರಿನ ನಡುವೆ ರೈಲು ನಿಂತಿತು. ನಾನೂ ನನ್ನ ಮಗಳೂ ಎಂಜಿನ್ನಿನ ಹಿಂದಿನ ಮೊದಲ ಬೋಗಿಯಲ್ಲಿದ್ದೆವು. ಇಣುಕಿದರೆ, ಅಕ್ಕ ಬಾಯ್ಲರಿನ ನೀರು ತೋರಿಸುವ ಗಾಜಿನ ಕೊಳವೆಯನ್ನು ನೋಡುತ್ತಿದ್ದಾರೆ. ಒಂದು ಇಂಜೆಕ್ಟರ್ ತಿರುಗಿಸಿದರು. ಬರೀ ಹಬೆ ಉಗುಳಿತು. ಇನ್ನೊಂದೂ ಅಷ್ಟೇ.

"ತಮ್ಮಾ, ಎಲ್ಲಾರನ್ನೂ ಇಳಸಿ ಹಿಂದಕ ಕರಕೊಂಡು ಹೋಗು. ದೂರ. ಐಸ್‌ಬಾಕ್ಸಿನಾಗಿನ ತಣ್ಣೀರಿನ ಬಾಟಲಿ ತಗೊಂಡು ನೀ ಒಬ್ಬನೇ ಬಾ."

ಎಲ್ಲರನ್ನೂ ಇಳಿಸಿ ಹಿಂದಕ್ಕೆ ಕಳಿಸಿ, ಮಗಳನ್ನು ಹೆಂಡತಿಯ ಕೈಗೆ ಕೊಟ್ಟು, ಬಾಟಲಿಗಳನ್ನು ಅವಚಿಕೊಂಡು ಎಂಜಿನ್ನಿನತ್ತ ಓಡಿದೆ. ಅಕ್ಕ ಒಂದು ಬಟ್ಟೆಯನ್ನು ತೋಯಿಸಿ, ಜ್ವರದ ಮಗುವಿನ ಹಣೆಗೆ ಹಾಕುವಂತೆ ಇಂಜೆಕ್ಟರಿಗೆ ಸುತ್ತಿದರು. ಮೇಲೆ ನೀರು ಸುರಿದರು. ಅದು ಒಮ್ಮೆ ಹಿಡಿದಂತೆ ಸದ್ದು ಮಾಡಿ, ಮತ್ತೆ ಉಗುಳಿತು.

"ಹಿಡೀತಿದೆ ಅಕ್ಕಾ! ಇನ್ನೊಂದು ಸಲ!" ಎಂದೆ. ಕೈಯಲ್ಲಿ ಇನ್ನೂ ಎರಡು ಬಾಟಲಿಗಳಿದ್ದವು.

ಗಾಜಿನಲ್ಲಿ ನೀರು ತಳ ಮುಟ್ಟುತ್ತಿತ್ತು. ಪರೀಕ್ಷಕರು "ನಿರ್ಧಾರ ನಿಮ್ಮದು" ಎಂದಷ್ಟೇ ಹೇಳಿದರು. ಕೆಂಡವನ್ನೆಲ್ಲ ಹೊರಗೆಳೆದು ಬೆಂಕಿ ಇಳಿಸಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಅಕ್ಕನಿಗೂ ಅದು ಗೊತ್ತಿತ್ತು.

"ಇಲ್ಲ. ಸಾಕು. ಬೆಂಕಿ ಇಳಸ್ರಿ," ಎಂದರು. ಆ ಇಂಗ್ಲಿಷ್ ಮನುಷ್ಯನಿಗೆ ಕನ್ನಡದಲ್ಲೇ ಹೇಳಿಬಿಟ್ಟಿದ್ದರು. ಆದರೂ ಅವರು ಅರ್ಥಮಾಡಿಕೊಂಡು ಸಲಿಕೆ ಎತ್ತಿಕೊಂಡರು. ಕೆಂಡ ಹಳಿಯ ಪಕ್ಕಕ್ಕೆ ಬೀಳತೊಡಗಿತು. ಕೊನೆಯ ಕೆಂಡ ಬಿದ್ದ ಮೇಲೂ ಅಕ್ಕ ಗಾಜಿನಿಂದ ಕಣ್ಣು ಕೀಳಲಿಲ್ಲ. ಡೀಸೆಲ್ ಎಂಜಿನ್ ಬಂದು ನಮ್ಮನ್ನೆಲ್ಲ ಎಳೆದುಕೊಂಡು ಹೋಯಿತು.

ಹುಲ್ಲಿನ ಮೇಲೆ ಊಟಕ್ಕೆ ಕೂತಾಗ, ತಡಮಾಡಿದವರಲ್ಲೇ ಒಬ್ಬರು "ಇನ್ನೆರಡು ಬಾಟಲಿ ಹಾಕಿದ್ರೆ ಸರಿಹೋಗ್ತಿತ್ತೇನೋ, ಅನ್ಯಾಯವಾಗಿ ಪರೀಕ್ಷೆ ಹೋಯ್ತು" ಎಂದರು. ನನಗೆ ಮೈ ಉರಿಯಿತು. ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. "ಸರಿಹೋಗ್ತಿತ್ತೇನೋ. ಸರಿಹೋಗದಿದ್ರ, ಇದನ್ನ ಹೇಳಾಕ ನಾನೂ ಇರ್ತಿರಲಿಲ್ಲ."

ಮರುಪರೀಕ್ಷೆ ಮುಂದಿನ ವಸಂತಕ್ಕೆಂದು ಗೊತ್ತಾಯಿತು. ಚಳಿಗಾಲದಲ್ಲಿ ಅಕ್ಕನಿಗೆ ಕ್ಯಾನ್ಸರ್ ಎಂದು ತಿಳಿಯಿತು. ಅದು ವಸಂತದವರೆಗೆ ಬಿಡಲಿಲ್ಲ. ಡ್ರೈವರ್ ಆಗಲೇ ಇಲ್ಲ ಅವರು.

ಅಂತ್ಯಕ್ರಿಯೆಗೆ ಆ ಪರೀಕ್ಷಕರೂ ಬಂದಿದ್ದರು. ಹೊರಗೆ ನನ್ನ ಪಕ್ಕ ಬಂದು ಕೇಳಿದರು: "ಅಂದು ಬಾಟಲಿ ಹಿಡಿದುಕೊಂಡು ನಿಂತಿದ್ದವರು ನೀವೇ ಅಲ್ಲವೇ?"

ಹೌದೆಂದೆ.

"ನಾನು ಇಡೀ ಜೀವಮಾನ ಎಂಜಿನ್ ಓಡಿಸಿದವನು. ಅಂದು ನಾನಾಗಿದ್ದರೆ ನಿಮ್ಮ ಕೈಯ ಬಾಟಲಿಗಳನ್ನೂ ಸುರಿಯುತ್ತಿದ್ದೆ. ಇನ್ನೊಂದು ಸಲ ನೋಡುತ್ತಿದ್ದೆ."

ಅವರ ಕಣ್ಣು ತುಂಬಿತ್ತು. ಸ್ವಲ್ಪ ದೂರದಲ್ಲಿ ನನ್ನ ಮಗಳು ಚಳಿಗೆ ಅಮ್ಮನ ಕೋಟಿನೊಳಗೆ ತೂರಿಕೊಂಡು, ಮನೆಗೆ ಯಾವಾಗ ಹೋಗುವುದೆಂದು ಪೀಡಿಸುತ್ತಿದ್ದಳು.