ಗೇಟಿನ ಮೇಲೆ ಎರಡು ಕಾಗದ

ಫಿದಾಂಕಾಳ ಗಂಡ ಹರಲಾನ್ ಸತ್ತಿದ್ದು ಹಿಮ ಕರಗುವ ಹೊತ್ತಿಗೆ. ಹಣ್ಣು ಒಣಗಿಸುವ ಯಂತ್ರ ಬಂದಿದ್ದು ಚೆರ್ರಿ ಕೆಂಪಾದ ಮೇಲೆ. ಅರ್ಜಿ ಹಾಕಿದವನು ಅವನು, ಇಳಿಸಿಕೊಂಡವಳು ಅವಳು.

ಲಾರಿಯವರು ಅದನ್ನು ಅಂಗಳದ ಶೆಡ್ಡಿನಲ್ಲಿ ನಿಲ್ಲಿಸಿ, ಒತ್ತುವ ಗುಂಡಿ ತೋರಿಸಿ ಹೋದರು. ಆಳೆತ್ತರದ ಉಕ್ಕಿನ ಬೀರು ಇದ್ದ ಹಾಗಿತ್ತು. ಅವಳು ಅದರ ಮೇಲೆ ಉಣ್ಣೆಯ ದಪ್ಪ ಕಂಬಳಿ ಹೊದಿಸಿದಳು. ಯಾಕೆ ಹೊದಿಸಿದೆ ಎಂದು ಪಕ್ಕದ ಮನೆಯ ಕೆರಾಜ್ಜಿ ಕೇಳಿದಳು. ಗೊತ್ತಿಲ್ಲ ಅಂದಳು. ನಿಜವಾಗಿಯೂ ಗೊತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಅವಳಿಗೆ ಗೊತ್ತಿಲ್ಲದ್ದೇ ಹೆಚ್ಚು. ಹಾಲು ಒಲೆಯ ಮೇಲಿಟ್ಟು ಯಾಕಿಟ್ಟೆ ಎಂದು ನಿಂತುಬಿಡುತ್ತಿದ್ದಳು. ಎರಡು ತಟ್ಟೆ ಹಾಕಿ ಒಂದನ್ನು ಎತ್ತಿಡುತ್ತಿದ್ದಳು. ಕೆಲವು ಸಲ ಎತ್ತಿಡುವುದೂ ಮರೆಯುತ್ತಿತ್ತು.

ಊರು ಕ್ರುಶೊವ್ ದೊಲ್. ರೊಡೊಪಿ ಬೆಟ್ಟಗಳ ಈ ಮಗ್ಗುಲಲ್ಲಿದೆ. ಗುಡ್ಡ ಹತ್ತಿ ಇಳಿದರೆ ಗ್ರೀಸ್. ಅವಳು ಮದುವೆಯಾಗಿ ಬಂದಾಗ ನಡುವೆ ಮುಳ್ಳುತಂತಿ ಇತ್ತು, ಸೈನಿಕರಿದ್ದರು. ಹುಲ್ಲು ಕೊಯ್ಯಲು ಹೋಗುವುದಕ್ಕೂ ಅಪ್ಪಣೆ ಬೇಕಿತ್ತು. ಹರಲಾನ್ ಸಾಮೂಹಿಕ ಬೇಸಾಯದ ಟ್ರ್ಯಾಕ್ಟರು ಓಡಿಸುತ್ತಿದ್ದ. ಅವಳು ತಂಬಾಕಿನ ಎಲೆ ಪೋಣಿಸುತ್ತಿದ್ದಳು. ಮಕ್ಕಳಾಗಲಿಲ್ಲ. ಶರತ್ಕಾಲದಲ್ಲಿ ಗುಡ್ಡದ ಆಚೆ ಹೊಗೆ ಏಳುತ್ತಿತ್ತು. ಹರಲಾನ್ ಅದನ್ನು ನೋಡಿ, ಅಲ್ಲೂ ಯಾರೋ ನಮ್ಮ ಹಾಗೇ ಮರಸೇಬು ಒಣಗಿಸುತ್ತಿದ್ದಾರೆ ಅನ್ನುತ್ತಿದ್ದ. ಆ ದೇಶದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅಷ್ಟೇ. ಅದನ್ನು ಪ್ರತಿ ವರ್ಷ ಹೇಳುತ್ತಿದ್ದ.

ತಂತಿ ಹೋಯಿತು. ಹಿಂದೆಯೇ ಊರಿನ ಹರೆಯದವರೂ ಹೋದರು. ಮರಸೇಬು ಮರದ ಕೆಳಗೇ ಕೊಳೆಯತೊಡಗಿತು. ಹರಲಾನ್‌ಗೆ ಅದನ್ನು ನೋಡಲಾಗಲಿಲ್ಲ. ಹಣ್ಣು ಆಯ್ದು ಹೊಗೆಮನೆಯಲ್ಲಿ ಬೀಚ್ ಮರದ ಸೌದೆ ಉರಿಸಿ ಒಣಗಿಸಿ ಪೇಟೆಗೆ ಒಯ್ಯುತ್ತಿದ್ದ. ಹೊಗೆಯಿಂದ ಅವನ ಕೆಮ್ಮು ಹೆಚ್ಚಿತು. ಆಗ ಪುರಸಭೆಯವರು ಒಂದು ಯೋಜನೆಯ ಮಾತು ತಂದರು. ಮೂರು ದೇಶಗಳು ಸೇರಿ ಹಳ್ಳಿಗಳ ಸಣ್ಣ ಕಸುಬುಗಳನ್ನು ಎತ್ತಿ ನಿಲ್ಲಿಸುವುದಂತೆ. ನಮ್ಮದು, ಗುಡ್ಡದಾಚೆಯ ಗ್ರೀಕರದು, ಮತ್ತೆ ಫಿನ್ಲೆಂಡು. ಫಿನ್ಲೆಂಡಿನಲ್ಲಿ ಏನು ಹಣ್ಣು ಬಿಡುತ್ತದೆ ಎಂದು ಹರಲಾನ್ ನಕ್ಕಿದ್ದ. ನಕ್ಕು ಅರ್ಜಿಗೆ ಸಹಿ ಹಾಕಿದ್ದ. ಅವನು ಮಾಡಿದ ಕೊನೆಯ ಕೆಲಸ ಅದು.

ಮರಸೇಬು ಹಣ್ಣಾಗುವ ಕಾಲಕ್ಕೆ ಪುರಸಭೆಯಿಂದ ರಾಲಿತ್ಸಾ ಬಂದಳು. ಯೋಜನೆ ನೋಡಿಕೊಳ್ಳುವ ಹುಡುಗಿ. ಜೊತೆಗಾರ ದೇಶಗಳವರು ಯಂತ್ರ ನೋಡಲು ಬರುತ್ತಾರೆ ಎಂದಳು. ಅವಳು ಹೇಳಿದ ದಿನವನ್ನು ಫಿದಾಂಕಾ ಬೆರಳಲ್ಲಿ ಎಣಿಸಿ ನೋಡಿದಳು. ಹರಲಾನ್ ಸತ್ತು ಅರ್ಧ ವರ್ಷ ತುಂಬುವ ದಿನ ಅದು. ದಿನ ಬದಲಿಸಲು ಆಗುತ್ತದೆಯೇ ಎಂದು ಕೇಳಿದಳು. ಮೂರು ದೇಶದವರನ್ನು ಒಂದು ದಿನಕ್ಕೆ ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗಿದೆ ಎಂದಳು ರಾಲಿತ್ಸಾ. ಆಮೇಲೆ ಗೇಟನ್ನು ನೋಡಿದಳು.

ಗೇಟಿನ ಮೇಲೆ ಹರಲಾನನ ಸಾವಿನ ಕಾಗದವಿತ್ತು. ಕಪ್ಪು ಅಂಚು, ಫೋಟೋ, ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಮೊದಲಿನದರ ಮೇಲೆ ನಲವತ್ತನೆಯ ದಿನದ್ದು ಅಂಟಿಸಿತ್ತು. ಅದರ ಮೇಲೆ ಅರ್ಧ ವರ್ಷದ್ದು ಬರಬೇಕು. ಸತ್ತವರ ಮನೆಯ ಗೇಟಿಗೆ ಅಂಟಿಸಿದ್ದನ್ನು ಈ ಊರಲ್ಲಿ ಯಾರೂ ಕೀಳುವುದಿಲ್ಲ. ಮಳೆ ಬಿಸಿಲು ಕೀಳಬೇಕು.

"ಚಿಕ್ಕಮ್ಮ, ಈ ಹಳೇ ಕಾಗದ ತೆಗೆದುಬಿಡಿ. ಯೋಜನೆ ಕಾಗದ ಇಲ್ಲೇ ಬರ್ಬೇಕು. ದಾರೀಲಿ ಹೋಗೋರಿಗೆ ಕಾಣೋ ಹಾಗೆ."

"ಅದು ಹಳೇ ಕಾಗದ ಅಲ್ಲ. ಹರಲಾನ್."

"ಗೊತ್ತು ಚಿಕ್ಕಮ್ಮ. ಆದ್ರೆ ಅವ್ರು ಇದನ್ನ ನೋಡಿದ್ರೆ, ಸಾವಾದ ಮನೆ, ಇಲ್ಲಿ ಕಸುಬು ಯಾರು ನಡೆಸ್ತಾರೆ ಅಂತಾರೆ. ಗೇಟು ಚೊಕ್ಕಟ ಇರ್ಬೇಕು, ಯಂತ್ರ ಓಡ್ತಿರ್ಬೇಕು. ಇಲ್ದಿದ್ರೆ ಅದನ್ನ ಬೇರೆ ಊರಿಗೆ ಸಾಗಿಸ್ತಾರೆ."

ಅವಳು ಹೋದ ಮೇಲೆ ಫಿದಾಂಕಾ ಮೆಟ್ಟಿಲ ಮೇಲೆ ಕುಳಿತಳು. ಯಂತ್ರ ಅವನದು, ಕಾಗದವೂ ಅವನದು. ಒಂದು ಉಳಿಯಬೇಕಾದರೆ ಒಂದು ಹೋಗಬೇಕು. ಅವನನ್ನೇ ಕೇಳೋಣ ಅನ್ನಿಸಿತು. ಎದ್ದು ಹೊಗೆಮನೆಯ ಬಾಗಿಲವರೆಗೂ ಹೋದಳು. ಬಾಗಿಲಲ್ಲಿ ನಿಂತಾಗ ನೆನಪಾಯಿತು.

ಊರ ಮುಖ್ಯಸ್ಥ ಬ್ಲಗೋಯ್‌ಗೆ ಎರಡು ಕಾಗದ ಮುದ್ರಿಸಿಕೊಡಲು ಹೇಳಿದರು. ಹರಲಾನನ ಅರ್ಧ ವರ್ಷದ ಕಾಗದಕ್ಕೆ ಫಿದಾಂಕಾ ಹೇಳಿದಳು. ಯೋಜನೆಯ ಕಾಗದಕ್ಕೆ ರಾಲಿತ್ಸಾ ಫೋನಿನಲ್ಲಿ ಹೇಳಿದಳು. ಅದರಲ್ಲಿ ಫಿದಾಂಕಾಳ ಫೋಟೋ, ಹೆಸರು, ಮೂರು ದೇಶಗಳ ಹೆಸರು ಇರಬೇಕು. ಬ್ಲಗೋಯ್ ಒಳ್ಳೆಯ ಮನುಷ್ಯ. ಮುದ್ರಿಸಿದ್ದಲ್ಲದೆ ಅತಿಥಿಗಳು ಬರುವ ಹಿಂದಿನ ಸಂಜೆ ತಾನೇ ಬಂದು ಅಂಟಿಸಿಯೂ ಹೋದ. ಫಿದಾಂಕಾ ಆಗ ತೋಟದಲ್ಲಿ ಹಣ್ಣು ಆಯುತ್ತಿದ್ದಳು.

ಬುಟ್ಟಿ ಹೊತ್ತು ಬಂದವಳು ಗೇಟಿನ ಮುಂದೆ ನಿಂತಳು. ಎಡಗಡೆ ಹರಲಾನ್. ಬಲಗಡೆ ಅವಳೇ.

ಗುರುತಿನ ಚೀಟಿಯ ಫೋಟೋ. ಸುತ್ತ ಕಪ್ಪು ಅಂಚು. ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು, ಹುಟ್ಟಿದ ವರ್ಷ. ಅವಳು ಶಾಲೆಗೆ ಹೋದದ್ದು ಕಡಿಮೆ. ಬೆರಳಿಟ್ಟು ನಿಧಾನವಾಗಿ ಓದಿದಳು. ಸಣ್ಣ ಅಕ್ಷರದಲ್ಲಿ ಮೂರು ದೇಶಗಳ ಸಹಕಾರ ಅಂತೇನೋ ಇತ್ತು. ಸತ್ತ ವರ್ಷ ಹುಡುಕಿದಳು. ಇರಲಿಲ್ಲ.

ಹೆದರಿಕೆ ಆಗಲಿಲ್ಲ. ಸರಿಯಾಗಿಯೇ ಇದೆ ಅನ್ನಿಸಿತು. ಗಂಡ ಹೆಂಡತಿ ಪಕ್ಕಪಕ್ಕ ಇದ್ದರು, ಮದುವೆಯ ಫೋಟೋದಲ್ಲಿ ಇದ್ದ ಹಾಗೆ. ಸರಿ ಅನ್ನಿಸಿದ್ದು ಸರಿಯೇ ಎಂದು ಮಾತ್ರ ತಿಳಿಯಲಿಲ್ಲ. ಬ್ಲಗೋಯ್‌ಗೆ ಹೇಳಬೇಕು ಅಂದುಕೊಂಡಳು. ಒಳಗೆ ಹೋಗಿ ನಾಳೆ ಹರಲಾನನ ಹೆಸರಿನಲ್ಲಿ ಹಂಚುವ ಗೋಧಿ ನೆನೆಹಾಕಿದಳು. ಹೇಳುವುದು ಮರೆತಳು.

ಬೆಳಿಗ್ಗೆ ಕೆರಾಜ್ಜಿ ಅಳುತ್ತಾ ಬಂದಳು. ಒಂದು ಕೈಯಲ್ಲಿ ಜೇನುಮೇಣದ ಬತ್ತಿ, ಇನ್ನೊಂದರಲ್ಲಿ ಬೇಯಿಸಿದ ಗೋಧಿಯ ಬಟ್ಟಲು. ಹಿಂದೆ ಮೇಲಿನ ಓಣಿಯ ಮುದುಕಿಯರೆಲ್ಲ ಕಪ್ಪು ರುಮಾಲು ಕಟ್ಟಿಕೊಂಡು ಬರುತ್ತಿದ್ದರು. ಫಿದಾಂಕಾ ಬಾಗಿಲು ತೆರೆದಳು. ಕೆರಾಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು.

"ನೀನು ಸತ್ತಿಲ್ವಾ?"

"ಗೊತ್ತಿಲ್ಲ ಅಜ್ಜಿ. ಬಾ ಒಳಗೆ."

"ಗೊತ್ತಿಲ್ಲ ಅಂದ್ರೆ ಏನೇ? ನಿನಗೋಸ್ಕರ ಬೆಳಕು ಹರಿಯೋಕೆ ಮುಂಚೆ ಎದ್ದು ಗೋಧಿ ಬೇಯಿಸಿದೀನಿ. ಇದ್ದಬದ್ದ ಅಕ್ರೋಟೆಲ್ಲ ಸುರಿದಿದೀನಿ. ಈಗ ಬಾಗಿಲು ತೆಗೀತಾಳೆ."

ಬ್ಲಗೋಯ್‌ನನ್ನು ಕರೆಸಿದರು. ಅವನು ಟೊಪ್ಪಿ ತೆಗೆದು ಕೈಯಲ್ಲಿ ತಿರುಗಿಸಿದ. ಕಂಪ್ಯೂಟರಿನಲ್ಲಿ ಇರುವುದು ಅದೊಂದೇ ಅಚ್ಚು, ಫೋಟೋ ಬದಲಿಸಿ ಹೆಸರು ಹಾಕಿದೆ ಎಂದ. ಬಣ್ಣದ ಶಾಯಿ ಯಾವಾಗಲೋ ಒಣಗಿದೆಯಂತೆ.

"ಇಷ್ಟು ವರ್ಷ ಈ ಊರಲ್ಲಿ ನಾನು ಇನ್ನೇನು ಮುದ್ರಿಸಿದೀನಿ ಹೇಳು ಅಜ್ಜಿ. ಮದುವೆ ಕಾಗದ ಮಾಡಿಸೋರು ಯಾರಿದಾರೆ? ನೀನಾ?"

ಮುದುಕಿಯರು ಮುಸಿಮುಸಿ ನಕ್ಕರು. ತಂದ ಗೋಧಿಯನ್ನು ವಾಪಸು ಒಯ್ಯುವುದು ಯಾರಿಗೂ ಸರಿ ಕಾಣಲಿಲ್ಲ. ಹರಲಾನನ ಲೆಕ್ಕಕ್ಕೆ ಸೇರಲಿ ಎಂದು ಬಟ್ಟಲುಗಳನ್ನು ಅಂಗಳದ ಮೇಜಿನ ಮೇಲಿಟ್ಟು ಕುಳಿತರು. ಅಷ್ಟರಲ್ಲಿ ರಾಲಿತ್ಸಾ ಓಡುತ್ತಾ ಬಂದಳು. ಅತಿಥಿಗಳ ಕಾರು ಚರ್ಚಿನ ತಿರುವಿನಲ್ಲಿತ್ತು. ಗೇಟು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಎರಡೂ ಕಾಗದ ಕೀಳಲು ಹೋದಳು. ಮೊದಲು ಕೈ ಹೋದದ್ದು ಎಡಗಡೆಗೆ.

ಫಿದಾಂಕಾ ಅವಳ ಮಣಿಕಟ್ಟು ಹಿಡಿದಳು.

"ನನ್ನದು ಕೀಳು. ಅವನದು ಬೇಡ."

"ಯಂತ್ರ ಹೋಗುತ್ತೆ ಚಿಕ್ಕಮ್ಮ."

"ಹೋದ್ರೆ ಹೋಗ್ಲಿ."

ಹೇಳಿದ ಮೇಲೆ ತಾನೇ ಬೆಚ್ಚಿದಳು. ಅದು ಹೋಗಬಾರದು ಎಂದು ಆಗ ಗೊತ್ತಾಯಿತು. ಕೈ ಮಾತ್ರ ಬಿಡದೆ ಅವಳನ್ನು ಗೇಟಿನ ಒಳಗೆ ಎಳೆದುಕೊಂಡಳು. ಕಾರು ಬಂದು ನಿಂತಿತು. ಎರಡು ಕಾಗದವೂ ಹಾಗೇ ಉಳಿದವು.

ಇಳಿದವರು ಇಬ್ಬರು. ಫಿನ್ಲೆಂಡಿನ ಯೌಕೊ, ದೀಪದ ಕಂಬದಷ್ಟು ಉದ್ದ. ಗ್ರೀಸಿನ ಆಂಥೂಲಾ, ಅಲ್ಲಿ ಹೆಂಗಸರ ಸಹಕಾರಿ ಸಂಘ ನಡೆಸುವವಳು, ದಪ್ಪಗೆ ಗಿಡ್ಡಗೆ, ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ. ಅವಳ ಊರಲ್ಲೂ ಸತ್ತವರ ಕಾಗದ ಅಂಟಿಸುತ್ತಾರೆ. ಭಾಷೆ ಬಾರದಿದ್ದರೂ ಅವಳಿಗೆ ತಿಳಿಯಿತು. ಎಡಗಡೆ ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು. ಬಲಗಡೆ ನೋಡಿ ಇನ್ನೊಮ್ಮೆ ಹಾಕಿಕೊಂಡಳು. ಆಮೇಲೆ ಬಲಗಡೆಯ ಫೋಟೋದವಳೇ ಗೇಟು ತೆರೆದಳು. ಆಂಥೂಲಾ ಗೇಟಿನ ಕಂಬ ಹಿಡಿದುಕೊಂಡಳು.

ರಾಲಿತ್ಸಾ ತಡವರಿಸುತ್ತಾ ವಿವರಿಸಿದಳು. ಆಂಥೂಲಾ ಹೊಟ್ಟೆ ಹಿಡಿದು ನಕ್ಕಳು. ನಗುತ್ತಾ ಕಣ್ಣು ಒರೆಸಿಕೊಂಡಳು. ಅಳುವೋ ನಗುವೋ ಫಿದಾಂಕಾಗೆ ಗೊತ್ತಾಗಲಿಲ್ಲ. ಯೌಕೊಗೆ ಏನೂ ಅರ್ಥವಾಗಲಿಲ್ಲ. ಕೈಗೆ ಕೊಟ್ಟ ಗೋಧಿ ತಿಂದು ತಲೆಯಾಡಿಸಿ, ಇದನ್ನೂ ಪೊಟ್ಟಣ ಕಟ್ಟಿ ಮಾರುತ್ತೀರಾ ಎಂದು ರಾಲಿತ್ಸಾಳಿಂದ ಕೇಳಿಸಿದ. ಆಂಥೂಲಾ ಅವನ ಮೊಣಕೈಗೆ ತಿವಿದಳು. ಸತ್ತವನ ಹೆಸರಿನಲ್ಲಿ ಕೊಟ್ಟಿದ್ದು, ದೇವರು ಅವನನ್ನು ಕ್ಷಮಿಸಲಿ ಅನ್ನಬೇಕು. ಅವನಿಗೆ ಆ ಮಾತು ಹೇಳಿಕೊಟ್ಟರು. ಅವನು ಗೇಟಿನ ಕಡೆ ತಿರುಗಿ ತಲೆ ಬಾಗಿಸಿ, ಮುರುಕು ಮಾತಿನಲ್ಲಿ, ಫಿದಾಂಕಾಳ ಫೋಟೋಗೆ ಹೇಳಿದ.

"ಇರ್ಲಿ ಬಿಡಿ," ಎಂದಳು ಕೆರಾಜ್ಜಿ. "ಇವಳಿಗೂ ಸ್ವಲ್ಪ ಬೇಕು."

ಆಮೇಲೆ ಎಲ್ಲರೂ ಶೆಡ್ಡಿಗೆ ಹೋದರು. ಯಂತ್ರದ ಮೇಲೆ ಕಂಬಳಿ ಹಾಗೇ ಇತ್ತು. ರಾಲಿತ್ಸಾ ಕಣ್ಣಿನಲ್ಲೇ ಬೇಡಿಕೊಂಡಳು. ಫಿದಾಂಕಾ ಕಂಬಳಿಯ ಅಂಚು ಹಿಡಿದಳು. ಎಳೆಯಲು ಆಗಲಿಲ್ಲ. ಎಳೆದರೆ ಅವನು ಬಯಸಿದ್ದು ಮುಗಿದುಹೋಗುತ್ತದೆ. ಆಮೇಲೆ ಅವನಿಗಾಗಿ ಮಾಡಲು ಏನು ಉಳಿಯುತ್ತದೆ? ಎಳೆಯದಿದ್ದರೆ ಅವನು ಬಯಸಿದ್ದೂ ಆಗುವುದಿಲ್ಲ. ಎಲ್ಲರೂ ನೋಡುತ್ತಿದ್ದರು. ಅವಳು ಅಂಚು ಹಿಡಿದೇ ನಿಂತಳು.

ಆಂಥೂಲಾ ಚೀಲ ಕೆಳಗಿಟ್ಟಳು. ಯಾರನ್ನೂ ಕೇಳಲಿಲ್ಲ. ಆ ಕಡೆ ಹೋಗಿ ಇನ್ನೊಂದು ತುದಿ ಹಿಡಿದಳು. ಕಂಬಳಿ ಜಾರಿತು. ಇಬ್ಬರೂ ಹಿಂದೆ ಸರಿದು ಬಿಗಿಯಾಗಿ ಎಳೆದು ಒದರಿದರು. ಉದ್ದಕ್ಕೆ ಮಡಿಸಿದರು. ಹತ್ತಿರ ಬಂದು ತುದಿಗೆ ತುದಿ ಸೇರಿಸಿದರು. ದಪ್ಪ ಕಂಬಳಿಯನ್ನು ಒಬ್ಬಳೇ ಮಡಿಸಲಾಗುವುದಿಲ್ಲ. ಗಂಡ ಸತ್ತ ಮೇಲೆ ಅವಳು ಯಾವ ಕಂಬಳಿಯನ್ನೂ ಮಡಿಸಿರಲಿಲ್ಲ, ಮುದುರಿ ಎಸೆಯುತ್ತಿದ್ದಳು. ಅದು ಆಗ ಅವಳ ಗಮನಕ್ಕೆ ಬಂತು.

ಗುಂಡಿ ಒತ್ತಿದಳು. ಯಂತ್ರ ಗುಂಯ್ ಎಂದಿತು. ಹೆಚ್ಚಿದ ಮರಸೇಬಿನ ತಟ್ಟೆಗಳನ್ನು ಮುದುಕಿಯರು ಒಬ್ಬೊಬ್ಬರಾಗಿ ತಂದುಕೊಟ್ಟರು. ಯೌಕೊ ಫೋಟೋ ತೆಗೆದ.

ಅವರು ಹೊರಡುವಾಗ ಫಿದಾಂಕಾಗೆ ಒಂದು ಮಾತು ಕೇಳಬೇಕಿತ್ತು. ರಾಲಿತ್ಸಾಳ ತೋಳು ಜಗ್ಗಿದಳು.

"ಹಿಂದೆ ಶರತ್ಕಾಲದಲ್ಲಿ ಅವ್ರ ಕಡೆ ಹೊಗೆ ಬರ್ತಿತ್ತಲ್ಲ. ಮರಸೇಬು ಒಣಗಿಸ್ತಿದ್ದಿದ್ದು ಯಾರು, ಕೇಳು."

ಆಂಥೂಲಾ ಕೇಳಿಸಿಕೊಂಡು ತಲೆ ಅಲ್ಲಾಡಿಸಿದಳು. ಮರಸೇಬಲ್ಲ. ಅಲ್ಲಿ ಇದ್ದಿಲು ಸುಡುತ್ತಿದ್ದರು. ಆ ಗುಡ್ಡದಲ್ಲಿ ಮರಸೇಬಿನ ಒಂದು ಮರವೂ ಇಲ್ಲ.

ಬದುಕಿಡೀ ತಪ್ಪು ಹೇಳಿದ್ದನಲ್ಲ ಎಂದು ಫಿದಾಂಕಾಗೆ ನಗು ಬಂತು. ಒಳಗೆ ಹೋಗಿ ಅವನಿಗೆ ಹೇಳಬೇಕು, ಚೆನ್ನಾಗಿ ಕಿಚಾಯಿಸಬೇಕು ಅಂದುಕೊಂಡು ತಿರುಗಿದಳು. ಗೇಟಿನ ಮೇಲೆ ಅವನಿದ್ದ. ಅಲ್ಲೇ ನಿಂತು ಹೇಳಿದಳು. ಓಣಿಯಲ್ಲಿ ಯಾರೂ ಇರಲಿಲ್ಲ.

ಯಂತ್ರ ಉಳಿಯಿತು. ಊರಿಗೆ ಊರೇ ಯೋಜನೆಯಲ್ಲಿ ಕೈ ಸೇರಿಸಿದೆ ಎಂದು ಅತಿಥಿಗಳು ಮೆಚ್ಚಿಕೊಂಡರಂತೆ. ರಾಲಿತ್ಸಾ ಆಮೇಲೆ ಪೇಟೆಯಿಂದ ಯೋಜನೆಯ ಬಣ್ಣದ ಕಾಗದ ತಂದಳು. ಎಲ್ಲಿ ಅಂಟಿಸಲಿ ಎಂದು ಈ ಸಲ ಮೊದಲು ಕೇಳಿದಳು. ಫಿದಾಂಕಾ ಬಲಗಡೆ ತೋರಿಸಿದಳು. ತನ್ನ ಮುಖದ ಮೇಲೆ ಅಂಟು ಬಳಿಯುವುದನ್ನು ನಿಂತು ನೋಡಿದಳು. ಸ್ವಲ್ಪ ಬೇಸರವಾಯಿತು. ಯಾಕೆಂದು ಗೊತ್ತಾಗಲಿಲ್ಲ.

ಯಂತ್ರದ ಮೊದಲ ಮರಸೇಬನ್ನು ಕೆರಾಜ್ಜಿಗೆ ಕೊಟ್ಟಳು. ಕೆರಾಜ್ಜಿ ಇದ್ದ ಹಲ್ಲಿನಲ್ಲಿ ಬಹಳ ಹೊತ್ತು ಅಗಿದಳು.

"ಹೊಗೆ ವಾಸನೇನೇ ಇಲ್ವಲ್ಲೇ."

"ಇಲ್ಲ."

"ಇದು ಚೆನ್ನಾಗಿದೆಯೋ, ಅದು ಚೆನ್ನಾಗಿತ್ತೋ?"

ಫಿದಾಂಕಾ ಹರಲಾನನ ಹೊಗೆಮನೆಯ ಹಳೆಯದೊಂದು ಚೂರು ಬಾಯಿಗೆ ಹಾಕಿಕೊಂಡಳು. ಆಮೇಲೆ ಹೊಸದೊಂದು. ಎರಡೂ ಬಾಯಲ್ಲಿ ಬೆರೆತುಹೋದವು.

"ತಡಿ ಅಜ್ಜಿ. ಇನ್ನೊಂದ್ಸಲ ತಿಂದು ನೋಡ್ತೀನಿ."