ದಿನಕ್ಕೊಂದು ಸಾಲು, ಅತ್ತೆಯ ಬಾಯಿಂದ

ನಮ್ಮತ್ತೆ ಮುದ್ದಮ್ಮ ಹುಟ್ಟಿದ್ದು ಬಿಳಿಗೆರೆ ಕಡೆ, ಬಾಳಿದ್ದು ಹೆಮ್ಮರಗಾಲದಲ್ಲಿ. ಕಳೆ ಕೀಳುವ, ನಾಟಿ ಹಾಕುವ ಹೆಂಗಸರ ಗುಂಪಿಗೆ ಅವರೇ ಮುಂದಾಳು. ಬೆಳಿಗ್ಗೆ ಬೀದಿಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಮನೆಯವಳು ತಟ್ಟೆ ಬಿಟ್ಟು ಎದ್ದು ಬರುತ್ತಿದ್ದಳಂತೆ. ಬದುವಿನ ಮೇಲೆ ಕೂತು ಉಣ್ಣುವಾಗಲೂ ಮಾತು, ಮೊಣಕಾಲು ಕೆಸರಲ್ಲಿದ್ದಾಗಲೂ ಮಾತು. "ಅವ್ವ ಸುಮ್ನಿದ್ರೆ ಜ್ವರ ಬಂದಿದೆ ಅಂತ ಅರ್ಥ" ಎಂದು ನನ್ನ ಗಂಡ ನಟರಾಜ್ ತಮಾಷೆ ಮಾಡುತ್ತಾರೆ.

ಅಂಥವರು ನಂಜನಗೂಡಿನ ನಮ್ಮ ಬಾಡಿಗೆ ಮನೆಗೆ ಮಗು ನೋಡಿಕೊಳ್ಳಲು ಬಂದಮೇಲೆ ಬರಬರುತ್ತಾ ಮೌನವಾದರು. ನಾನು ಗಮನಿಸಲಿಲ್ಲ. ನನ್ನ ಕಿವಿಯೆಲ್ಲ ಮಗಳ ಬಾಯಿಯ ಮೇಲಿತ್ತು.

ಸಂಘಮಿತ್ರಾಗೆ ಎರಡು ವರ್ಷ ತುಂಬಿ ತಿಂಗಳುಗಳಾದರೂ ಮಾತು ಬಂದಿರಲಿಲ್ಲ. "ಅಮ್ಮ" ಅನ್ನುತ್ತಿದ್ದಳು, "ಬಾ" ಅನ್ನುತ್ತಿದ್ದಳು. ಮಿಕ್ಕಿದ್ದಕ್ಕೆಲ್ಲ ಬೆರಳು ತೋರಿಸುತ್ತಿದ್ದಳು. ಅವಳಿಗಿಂತ ಚಿಕ್ಕದಾದ ಪಕ್ಕದ ಮನೆ ಮಗು ಪದ್ಯ ಹೇಳಿದರೆ ನಾನು ಮಗಳನ್ನು ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ಮೊಬೈಲಿನಲ್ಲಿ ಹುಡುಕಿದಷ್ಟೂ ಹೊಸ ರೋಗದ ಹೆಸರು. ಕೊನೆಗೆ ಮೈಸೂರಿನ ಸ್ಪೀಚ್ ಥೆರಪಿಸ್ಟ್ ಹೇಮಲತಾ ಅವರಲ್ಲಿಗೆ ಹೋದೆವು. ಅವರು ಮಗುವನ್ನು ಆಡಿಸಿ, ಚಿತ್ರ ತೋರಿಸಿ, "ಎರಡು ಮಾತು ಕೂಡಿಸಿ ಆಡ್ತಾಳಾ? ಅದು ನನಗೆ ಮುಖ್ಯ. ಮನೇಲಿ ಏನೇನು ಆಡ್ತಾಳೆ ಅಂತ ದಿನಾ ಬರೆದಿಡಿ" ಎಂದರು.

ಬರೆಯುವುದು ತಾನೆ? ದಪ್ಪ ಡೈರಿ ತಂದೆ. ದಿನಕ್ಕೊಂದು ಪುಟ ಎಂದು ನಿಶ್ಚಯಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಗೆರೆ ಎಳೆದೆ. ಆದರೆ ನಾನು ಟಿ. ನರಸೀಪುರದ ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಮಗಳನ್ನು ಮತ್ತೆ ನೋಡುವುದು ದೀಪ ಹಚ್ಚುವ ಹೊತ್ತಿಗೆ. ಮೊದಲ ವಾರವೇ ಪುಟಗಳು ಖಾಲಿ ಬಿದ್ದವು. ಭಾನುವಾರ ಕೂತು ಹಿಂದಿನದನ್ನೆಲ್ಲ ನೆನಪಿನಿಂದ ತುಂಬಿದೆ. ನೆನಪಾಗದ ಕಡೆ "ಏನೋ ಗೊಣಗಿದಳು" ಎಂದು ಬರೆದೆ.

ಹೇಮಲತಾ ಮೇಡಂ ಪುಟ ಮಗುಚಿ ನನ್ನ ಮುಖ ನೋಡಿದರು. "ಇಷ್ಟೆಲ್ಲ ಬರೀತಾ ಕೂತರೆ ಮಗು ಜೊತೆ ಮಾತಾಡೋದು ಯಾವಾಗಮ್ಮ? ದಿನಕ್ಕೊಂದು ಸಾಲು ಸಾಕು. ಏನಂದಳು, ಆಗ ಏನು ನಡೀತಿತ್ತು, ಅಷ್ಟೆ. ಆಡಿದ ಹಾಗೇ ಬರೀರಿ, ತಿದ್ದಬೇಡಿ. ತಪ್ಪಿದ ದಿನ ತಪ್ಪಿಹೋಗ್ಲಿ, ಆಮೇಲೆ ತುಂಬಬೇಡಿ. ನೀವಿಲ್ಲದಾಗ ಜೊತೆಗಿರೋರನ್ನ ಕೇಳಿ."

ಜೊತೆಗಿರುವವರು ಅತ್ತೆ. ಅಂದಿನಿಂದ ಚಪ್ಪಲಿ ಬಿಡುವ ಮೊದಲೇ ನನ್ನ ಪ್ರಶ್ನೆ: "ಅತ್ತೆ, ಇವತ್ತೇನಂದ್ಲು?"

"ಏನೂ ಆಡ್ನಿಲ್ಲ ಕಣವ್ವ."

ಮರುದಿನವೂ ಅದೇ. ಅದರ ಮರುದಿನವೂ. ಪುಟ ತುಂಬದಿದ್ದಾಗ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಒಂದು ಸಾಲೂ ದಕ್ಕದಿದ್ದಾಗ ಮಗುವಿಗೇ ಏನೋ ಆಗಿದೆ ಎಂಬ ಭಯ ಹಿಡಿಯಿತು. ಕಿವಿ ಕೇಳಿಸುತ್ತೋ ಇಲ್ಲವೋ ಎಂದು ಹಿಂದಿನಿಂದ ಚಪ್ಪಾಳೆ ತಟ್ಟುತ್ತಿದ್ದೆ. ತಿರುಗಿದರೆ ಸಮಾಧಾನ. ಇನ್ನೊಮ್ಮೆ ತಟ್ಟಿದಾಗ ತಿರುಗದಿದ್ದರೆ ತಿರುಗುವ ತನಕ ತಟ್ಟುತ್ತಿದ್ದೆ.

ಒಂದು ದಿನ ಶಾಲೆ ಮಧ್ಯಾಹ್ನಕ್ಕೇ ಬಿಟ್ಟಿತು. ಮನೆ ಬಾಗಿಲಿಗೆ ಬರುವಷ್ಟರಲ್ಲಿ ತಾರಸಿಯಿಂದ ಮಗಳ ಕೂಗು: "ಅಕ್ಕಿ ಓಯ್ತು! ಅಕ್ಕಿ ಓಯ್ತು!"

ಅತ್ತೆ ಅಕ್ಕಿ ಕೇರಬೇಕು ಎಂದಿದ್ದರು. ಅಕ್ಕಿ ಹೋಯಿತು. ಎಲ್ಲಿಗೆ? ಮೂಗಿಗೆ? ಗಂಟಲಿಗೆ? ಬ್ಯಾಗನ್ನು ಮೆಟ್ಟಿಲಲ್ಲೇ ಬಿಸಾಡಿ ಓಡಿದೆ. ಮಗಳನ್ನು ಹಿಡಿದು ಬಾಯಿಗೆ ಬೆರಳು ಹಾಕಿದೆ, ಬೆನ್ನು ತಟ್ಟಿದೆ. ಅವಳು ಕಿರುಚಿ ಅತ್ತಳು.

"ಬುಡವ್ವ, ಬುಡು! ಕೂಸಿನ್ ಬಾಯಿಗ್ಯಾಕೆ ಕೈ ಆಕ್ತೀಯೆ?"

"ಅಕ್ಕಿ ನುಂಗಿದಾಳೆ ಅತ್ತೆ! ಅಕ್ಕಿ ಹೋಯ್ತು ಅಂತ ಅವಳೇ ಹೇಳ್ತಿದಾಳೆ!"

"ಅಯ್ಯೋ ನಿನ್ನ! ಉಣ್ಣೋ ಅಕ್ಕಿ ಅಲ್ಲ ಕಣ್ ಚೈತ್ರ, ಆರೋ ಅಕ್ಕಿ! ರೆಕ್ಕೆ ಇರೋದು! ಮೊರದಲ್ಲಿರೋ ಅಕ್ಕಿ ತಿನ್ನಕ್ಕೆ ಅಕ್ಕಿ ಬಂದಿತ್ತು, ಓಯ್ತು. ಅದ್ನೇ ಏಳ್ತಾವ್ಳೆ."

ಎದುರಿನ ಕರೆಂಟ್ ತಂತಿಯ ಮೇಲೆ ಗೊರವಂಕವೊಂದು ಕೂತಿತ್ತು. ಮಗಳನ್ನು ಎದೆಗೊತ್ತಿಕೊಂಡೆ. ಉಸಿರು ಹಿಡಿತಕ್ಕೆ ಬಂದಮೇಲೆ ಹೊಳೆಯಿತು: ಎರಡು ಮಾತು. ಕೂಡಿಸಿ.

"ಅತ್ತೆ, ಇವಳು ದಿನಾ ಹೀಗೆ ಆಡ್ತಾಳಾ?"

ಅತ್ತೆ ಮೊರದ ಕಡೆ ತಿರುಗಿದರು. "ಆಡ್ತಾಳೆ."

"ಮತ್ತೆ ಏನೂ ಆಡ್ಲಿಲ್ಲ ಅಂತಿದ್ರಿ?"

"ನನ್ನಂಗೆ ಆಡ್ತಾಳೆ ಕಣವ್ವ. ಆಲು ಅಂತಾಳೆ, ಊವ ಅಂತಾಳೆ. ನೀನು ಟೀಚ್ರು. ಅದ ಬರ್ಕಂಡೋದ್ರೆ ಡಾಕ್ಟ್ರಮ್ಮ ಕೂಸಿಗೆ ನಾಲ್ಗೆ ತಿರ್ಗಲ್ಲ ಅಂದ್ಬುಟ್ರೆ? ಅಜ್ಜಿ ಬಾಯಿಂದ್ಲೇ ಕೆಡ್ತು ಅಂದ್ರೆ? ಅದ್ಕೇ ಕೆಳಗೆ ಸುಮ್ಕಿರ್ತೀನಿ. ಇಲ್ಲಿ ಯಾರಿಗ್ ಕೇಳಿಸ್ತದೆ ಅಂತ..."

ಸಂಜೆ ಡೈರಿಯಲ್ಲಿ ಬರೆದೆ: "ಅಕ್ಕಿ ಓಯ್ತು. ಅಜ್ಜಿ ಜೊತೆ ತಾರಸಿಯಲ್ಲಿದ್ದಾಗ, ಗೊರವಂಕ ಹಾರಿಹೋಯಿತು." ಅಕ್ಷರ ಕೂಡಿಸಿ ಓದಬಲ್ಲ ಅತ್ತೆ ಬಗ್ಗಿ ನೋಡಿ ಕಸಿವಿಸಿಗೊಂಡರು. ಊಟಕ್ಕೆ ಕೂತಾಗ ಅವರ ಬಾಯಲ್ಲಿ ಹೊಸ ಭಾಷೆ: "ನಟರಾಜು, ಹನ್ನಕ್ಕೆ ಹುಪ್ಪು ಸಾಕಾ?"

"ಏನವ್ವ? ಹನ್ನಕ್ಕೆ ಹುಪ್ಪಾ?"

"ಸುಮ್ಕಿರ್ಲಾ. ಕೂಸಿಗೆ ಸರ್ಯಾಗಿ ಕಲಿಸ್ತಾವ್ನಿ."

ಗಂಡ ನಕ್ಕು ನಕ್ಕು ಕೆಮ್ಮಿದರು. ನನಗೂ ನಗು ಬಂತು, ಅಲ್ಲೇ ನಿಂತಿತು. ಮಗಳು ಅಜ್ಜಿಯ ಬಾಯನ್ನೇ ನೋಡುತ್ತಾ ಮತ್ತೆ ಬೆರಳು ತೋರಿಸತೊಡಗಿದ್ದಳು.

ಮುಂದಿನ ಸಲ ಅತ್ತೆಯನ್ನೂ ಮೈಸೂರಿಗೆ ಕರೆದೊಯ್ದೆ. ಆ ಸಾಲನ್ನು ಓದಿ ಹೇಮಲತಾ ಮೇಡಂ ನಗಲಿಲ್ಲ. "ಕೂಡಿಸಿದ್ದಾಳೆ" ಎಂದು ಅದರ ಕೆಳಗೆ ಗೆರೆ ಎಳೆದರು. "ಅಜ್ಜಿ, ಮಗು ಜೊತೆ ಸ್ವಲ್ಪ ಮಾತಾಡಿ, ನಾನು ಕೇಳಿಸ್ಕೋತೀನಿ."

ಅತ್ತೆ ನನ್ನತ್ತ ನೋಡಿದರು. "ಯಾವ ಮಾತಲ್ಲಿ ಆಡ್ಲವ್ವ?"

"ನಿಮ್ಮ ಮಾತಲ್ಲೇ ಆಡಿ ಅತ್ತೆ."

ಅವರು ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತರು. "ಏನ್ ಕೂಸೇ, ಬಸ್ಟಾಂಡಲ್ಲಿ ಏನ್ ಮಾರ್ತಿದ್ರು?"

"ಅಣ್ಣು," ಎಂದಳು ಮಗಳು. ತಡೆದು, "ಅಣ್ಣು ಬೇಕು."

ಮೇಡಂ ತಲೆದೂಗಿದರು. "ನಿಧಾನ ಇದೆ, ಇಲ್ಲ ಅನ್ನಲ್ಲ. ಕಿವಿ ಪರೀಕ್ಷೆನೂ ಮಾಡಿಸಿಬಿಡೋಣ. ಆದರೆ ಅಜ್ಜಿ ಮಾತ್ರ ಸುಮ್ಮನಿರಕೂಡದು."

ಪರೀಕ್ಷೆ ಎಂದೊಡನೆ ಮಗಳನ್ನು ಮಡಿಲಿಗೆಳೆದುಕೊಂಡೆ. ಆಮೇಲೆ ಕಿವಿ ಪರೀಕ್ಷೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೆವು. ಗೋಡೆಯ ಮೇಲೆ "ದಯವಿಟ್ಟು ನಿಶ್ಶಬ್ದವಾಗಿರಿ" ಎಂದಿತ್ತು. ಅತ್ತೆ ಅದನ್ನು ಓದಿದರೋ ಇಲ್ಲವೋ, ಮಗುವಿನ ಜೊತೆ ಮಾತು ನಿಲ್ಲಿಸಲಿಲ್ಲ. ಪಕ್ಕದವರು ತಿರುಗಿ ನೋಡಿದರು. ನಾನು ನಿಲ್ಲಿಸಿ ಎನ್ನಲಿಲ್ಲ.