ಬೆಂಕಿ ಕಾಣದ ಇಟ್ಟಿಗೆ

ನಮ್ಮ ಗುರುಪಾದ ಬೆಳೆದದ್ದೇ ಇಟ್ಟಿಗೆ ಭಟ್ಟಿಯ ಮಗ್ಗುಲಲ್ಲಿ. ಮೋಡ ಕಂಡರೆ ಸಾಕು, ಉಣ್ಣುವ ತಾಟು ಬಿಟ್ಟು ಓಡುತ್ತಿದ್ದ. ಹಸಿ ಮಣ್ಣಿನ ಇಟ್ಟಿಗೆಗೆ ಮಳೆ ತಾಗಿದರೆ ಎಲ್ಲ ರಾಡಿ. ಭಟ್ಟಿ ಮುಚ್ಚಿದ ಮೇಲೆ ಅವನು ಬೇಲೂರು ಕೈಗಾರಿಕಾ ಪ್ರದೇಶಕ್ಕೆ, ನಾನು ಟ್ರ್ಯಾಕ್ಟರ್ ಹೊಡೆಯುವ ಇಟ್ಟಿಗೆ ಕಾರ್ಖಾನೆಗೇ ಹೊಸದಾಗಿ ಬಂದ. ಇಲ್ಲಿ ಮಣ್ಣೂ ಇಲ್ಲ, ಬೆಂಕಿಯೂ ಇಲ್ಲ. ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟಾಗ ಹೊಗೆಯ ಜೊತೆ ಏಳುವ ಹಾರುಬೂದಿಗೆ ಸುಣ್ಣ, ಜಿಪ್ಸಂ, ಕಲ್ಲಿನ ಪುಡಿ ಕಲಸಿ ಒತ್ತಿದರೆ ಇಟ್ಟಿಗೆ.

ಅವನ ಮಗಳು ಭಾಗ್ಯಶ್ರೀ ಬಾಣಂತನಕ್ಕೆ ಬರುವವಳಿದ್ದಳು. ಅವಳಿಗೊಂದು ಕೋಣೆ ಕಟ್ಟಿಸಲು ಗುರುಪಾದ ತನ್ನ ಕೈಯಾರೆ ಇಟ್ಟಿಗೆ ಒತ್ತಿ, ಒಟ್ಟಿ, ಮೇಲೆ ತಾಡಪತ್ರಿ ಹೊದಿಸಿದ್ದ. ನಾನು ಹೇರಲು ಬಂದು ಒಂದನ್ನು ಎತ್ತಿದರೆ ಮೂಲೆ ಪುಡಿಯಾಗಿ ಕೈಗೆ ಬಂತು.

"ಲೇ ಗುರುಪಾದಾ, ಇದೇನ್ ಇಟ್ಟಂಗಿನೋ, ರವಾ ಉಂಡಿನೋ? ನೀರ್ ಹೊಡದೀ ಇಲ್ಲೋ?"

"ನೀರಾ? ಒಂದ್ ಹನಿ ತಾಗಿಸಿಲ್ಲಪಾ. ಮಳಿ ಬಂದಾಗೂ ಛಲೋ ಮುಚ್ಚೇನಿ."

ನನ್ನ ಪಿತ್ತ ನೆತ್ತಿಗೇರಿತು. "ತಲಿ ಐತೇನ್ ನಿನಗ? ಕೂಸಿನ ತೊಟ್ಟಲದ ಮ್ಯಾಲೆ ಗ್ವಾಡಿ ಕೆಡವ್ತೀಯೇನು?"

ಅವನು ಉದುರಿದ ಪುಡಿಯನ್ನು ಬಳಿದು ಮತ್ತೆ ಮೂಲೆಗೆ ಅಂಟಿಸಲು ನೋಡಿದ. ಮಿಕ್ಸರ್ ನಡೆಸುವ ಅಬೀದಾ ಓಡಿ ಬಂದಳು.

"ಒದರಬ್ಯಾಡ್ರಿ ಅಣ್ಣಾ. ಕಾಕಾ, ಈ ಬೂದಿ ತಾನ ಗಟ್ಟಿ ಆಗಂಗಿಲ್ರಿ. ನೀರಿದ್ದರ ಸುಣ್ಣ ಕರಗಿ ಬೂದಿ ಜೋಡಿ ಕೂಡತೈತಿ, ನಿಧಾನಕ ಕಲ್ಲಾಗತೈತಿ. ನೀರ್ ಆರಿದ್ದಕ್ಕ ಕೆಲಸ ನಿಂತೈತಿ, ಅಷ್ಟ. ಸುಣ್ಣ ಇನ್ನೂ ಒಳಗ ಇರಬೇಕ್ರಿ. ಮತ್ತ ಕುಡಿಸಿ ನೋಡೂಣು."

"ಪೂರಾ ಕರಗಿ ಹೋದರ, ಯವ್ವಾ?" ಗುರುಪಾದ ಕೇಳಿದ.

"ಹೋದರ ಅಣ್ಣಾರ್ ಉಂಡಿ ಅಂತ ತಿಂತಾರ ಬಿಡ್ರಿ!"

ಅಂದಿನಿಂದ ಗುರುಪಾದ ಮುಂಜಾನೆ ಸಂಜೆ ಪೈಪು ಹಿಡಿದ. ಹೆತ್ತ ಮಗುವಿಗೆ ಹೊಡೆಯುವವನಂತೆ ಮುಖ ಆ ಕಡೆ ತಿರುಗಿಸಿ ನೀರು ಬಿಡುತ್ತಿದ್ದ. ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದ. ಕೆಲವು ವಾರ ಕಳೆದ ಮೇಲೆ ಅಬೀದಾ ರಾಶಿಯ ನಡುವಿನಿಂದ ಕೆಲವನ್ನು ಆರಿಸಿ, ಒತ್ತಿ ನೋಡುವ ಯಂತ್ರಕ್ಕಿಟ್ಟು, ಸಾಕಷ್ಟು ಗಟ್ಟಿಯಾಗಿವೆ ಎಂದಳು. ಗುರುಪಾದ ನಂಬಲಿಲ್ಲ. ನಾನು ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ಬಡಿದೆ. ಠಣ್ ಅಂದಿತು.

"ಇನ್ನೊಮ್ಮಿ ಬಡಿ," ಅಂದ. ಬಡಿದೆ. ಅವನು ಬಿಟ್ಟ ಉಸಿರು ನನಗೂ ಕೇಳಿಸಿತು.

ಹೇರುತ್ತಿರುವಾಗಲೇ ಹನಿ ಶುರುವಾಯಿತು. ಗುರುಪಾದ ಒಂದೇ ಓಟಕ್ಕೆ ತಾಡಪತ್ರಿ ತಂದ.

"ಕಾಕಾ!" ಅಬೀದಾ ಕೂಗಿದಳು.

ಅವನು ಇಟ್ಟಿಗೆ ನೋಡಿದ, ಕೈಯಲ್ಲಿದ್ದ ತಾಡಪತ್ರಿ ನೋಡಿದ. ಆಮೇಲೆ ನಗುತ್ತ ಅದನ್ನು ತನ್ನ ಮತ್ತು ನನ್ನ ತಲೆಯ ಮೇಲೆ ಹೊದಿಸಿದ.

"ಬಾರೋ, ಅವು ನೆನೀಲಿ. ಕರಗಾವ್ರು ನಾವ!"